ಋತುಬಂಧದ ನಂತರ ಉಸಿರಿನ ಆರೈಕೆ: ಮಹಿಳೆಯರಿಗೆ ಯೋಗ ಎಷ್ಟು ಸಹಾಯಕ?

ಮದುವೆಯಾದ ಹೊಸತರಲ್ಲಿ ಕಾರ್ಕಳದ ಗೊಮ್ಮಟಬೆಟ್ಟವನ್ನು ಎಲ್ಲೂ ನಿಲ್ಲದೆ ಹತ್ತಿದ ತಾಯಂದಿರು, ಐವತ್ತೈದು ದಾಟಿದ ಮೇಲೆ ಅರ್ಧ ಮೆಟ್ಟಿಲಿನಲ್ಲೇ ಬಂಡೆಗೆ ಕೈಯೂರಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. "ವಯಸ್ಸಾಯಿತಲ್ಲ, ಇನ್ನೇನು" ಎಂದು ಜತೆಗಿದ್ದವರು ಹೇಳುತ್ತಾರೆ. ಅವರೂ ಹೌದೆಂದು ತಲೆಯಾಡಿಸುತ್ತಾರೆ. ಮನೆಗೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಬೆವತು ಎಚ್ಚರವಾಗುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು, ಎದೆಯಲ್ಲಿ ಏನೋ ಬಿಗಿ ಹಿಡಿದಂತಾಗುವುದು, ಇವನ್ನು ಯಾರಿಗೂ ಹೇಳುವುದಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ ಇದ್ದರೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪದೆ ನಡೆಯುತ್ತದೆ. ಮನೆಯೊಡತಿಯ ಉಸಿರನ್ನು ಮಾತ್ರ ಯಾರೂ ಅಳೆದು ನೋಡಿರುವುದಿಲ್ಲ.

ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಮಹಿಳೆಯರ ಮನಸ್ಸಿನಲ್ಲೂ ಶ್ವಾಸಕೋಶದಲ್ಲೂ ಬದಲಾವಣೆ ಆಗುತ್ತದೆ ಎಂಬುದು ಈಗ ಸಂಶೋಧನೆಯಿಂದ ತಿಳಿದುಬಂದಿದೆ. ಇವೆರಡಕ್ಕೂ ಯೋಗದಿಂದ ಎಷ್ಟು ಉಪಯೋಗವಿದೆ, ಎಲ್ಲಿ ಉಪಯೋಗವಿಲ್ಲ, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಋತುಬಂಧ ಎಂದರೆ ಯಾವಾಗ?

ಸತತ 12 ತಿಂಗಳು ಮುಟ್ಟು ಆಗದಿದ್ದರೆ ಅದನ್ನು ಋತುಬಂಧ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46-47ರ ವಯಸ್ಸಿಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51. ಅಂದರೆ ಎಪ್ಪತ್ತೈದು ವರ್ಷ ಬದುಕುವ ನಮ್ಮ ಮಹಿಳೆ ತನ್ನ ಆಯುಸ್ಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಲವನ್ನು ಈ ಘಟ್ಟ ದಾಟಿದ ಮೇಲೆಯೇ ಕಳೆಯುತ್ತಾಳೆ. ಇದು ಕಾಯಿಲೆ ಅಲ್ಲ, ದೇಹದ ಸಹಜ ಧರ್ಮ. ಆದರೆ ಅಂಡಾಶಯದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಉತ್ಪತ್ತಿ ಕುಗ್ಗುವುದರಿಂದ ಅದರ ಪರಿಣಾಮ ಮೂಳೆ, ಹೃದಯ, ನಿದ್ರೆ, ಮನಸ್ಸು ಎಲ್ಲದರ ಮೇಲೂ ಬೀಳುತ್ತದೆ. ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ ಬಿಸಿಯೇರಿ ಬೆವರು ಸುರಿಯುವುದು ಬಹಳ ಜನರಿಗೆ ಗೊತ್ತಿರುವ ಲಕ್ಷಣ. ಸೆಕೆಗೆ ಹೆಸರಾದ ಮಂಗಳೂರಿನಲ್ಲಿ "ಇದು ಊರಿನ ಸೆಕೆಯೋ, ಮೈಯ ಸೆಕೆಯೋ" ಎಂದು ತಿಳಿಯುವುದೇ ಕಷ್ಟ.

ಮುಟ್ಟಿಗೂ ಶ್ವಾಸಕೋಶಕ್ಕೂ ಏನು ಸಂಬಂಧ?

ಮನುಷ್ಯರ ಶ್ವಾಸಕೋಶ 25ರ ಆಸುಪಾಸಿನಲ್ಲಿ ಪೂರ್ಣ ಬಲಕ್ಕೆ ಬರುತ್ತದೆ. ಅಲ್ಲಿಂದ ಮುಂದೆ, ಆರೋಗ್ಯವಂತರಲ್ಲೂ, ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ವರ್ಷಕ್ಕೆ ಸುಮಾರು 20ರಿಂದ 30 ಮಿಲಿಲೀಟರಿನಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಇದು ಎಲ್ಲರಿಗೂ ಇರುವ ಸವಕಳಿ.

ಋತುಬಂಧದ ನಂತರ ಈ ಸವಕಳಿ ಇನ್ನಷ್ಟು ವೇಗವಾಗುತ್ತದೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಯೂರೋಪಿನ 1,438 ಮಹಿಳೆಯರನ್ನು ಸುಮಾರು 20 ವರ್ಷ ಗಮನಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಋತುಬಂಧದ ಹಂತದಲ್ಲಿ ಮತ್ತು ಆನಂತರ ಶ್ವಾಸಕೋಶದ ಶಕ್ತಿ ವಯಸ್ಸಿನ ಲೆಕ್ಕಕ್ಕಿಂತ ಹೆಚ್ಚು ಕುಗ್ಗಿತ್ತು. ಪೂರ್ತಿ ಉಸಿರೆಳೆದು ಪೂರ್ತಿ ಬಿಡಬಲ್ಲ ಗಾಳಿಯ ಒಟ್ಟು ಪ್ರಮಾಣದಲ್ಲಿ ಆದ ನಷ್ಟವನ್ನು ಅವರು ದಿನಕ್ಕೆ 20 ಸಿಗರೇಟಿನಂತೆ 10 ವರ್ಷ ಸೇದಿದ್ದಕ್ಕೆ ಹೋಲಿಸಿದರು. ಒಂದು ಸಿಗರೇಟನ್ನೂ ಮುಟ್ಟದ ಮಹಿಳೆಗೂ ಈ ನಷ್ಟ ತಪ್ಪಿದ್ದಲ್ಲ ಎಂಬುದು ಗಮನಿಸಬೇಕಾದ ಮಾತು.

ಕಾರಣಗಳು ಒಂದೆರಡಲ್ಲ. ಹಾರ್ಮೋನು ಕುಗ್ಗಿದಾಗ ದೇಹದಲ್ಲಿ ಉರಿಯೂತದ ಪ್ರವೃತ್ತಿ ಹೆಚ್ಚುತ್ತದೆ. ಕೆಲವರಿಗೆ ಅಸ್ತಮಾ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ಈ ವಯಸ್ಸಿನಲ್ಲಿ. ಮೂಳೆ ಸವೆತದಿಂದ ಬೆನ್ನುಮೂಳೆಯ ಮಣಿಗಳು ತಗ್ಗಿ ಬೆನ್ನು ಗೂನಾದರೆ, ಎದೆಗೂಡು ಕಿರಿದಾಗಿ ಶ್ವಾಸಕೋಶಕ್ಕೆ ಅರಳಲು ಜಾಗವೇ ಸಾಲದು. ಹೊಟ್ಟೆಯ ಸುತ್ತ ಕೊಬ್ಬು ಸೇರಿದರೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿಯಲು ತೊಡಕಾಗುತ್ತದೆ. ಉಸಿರಾಟದ ಮುಕ್ಕಾಲು ಕೆಲಸ ಮಾಡುವುದು ಈ ವಪೆಯೇ.

ಕರಾವಳಿ ಮನೆಯ ಹೊಗೆ

ನಮ್ಮ ಭಾಗದಲ್ಲಿ ಇದರ ಜತೆಗೆ ಇನ್ನೊಂದು ಹಳೆಯ ಬಾಕಿ ಇದೆ. ಇಂದು ಅರವತ್ತು ದಾಟಿದ ಹೆಚ್ಚಿನ ಮಹಿಳೆಯರು ಹುಟ್ಟಿ ಬೆಳೆದದ್ದು ಕಟ್ಟಿಗೆ ಒಲೆಯ ಮುಂದೆ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲಿನ ಹಂಡೆಗೆ ತೆಂಗಿನ ಸಿಪ್ಪೆ, ಗೆರಟೆ, ಒಣ ಮಡಲು ಹಾಕಿ ನೀರು ಕಾಯಿಸುವ ಪದ್ಧತಿ ಊರಮನೆಗಳಲ್ಲಿ ಇಂದಿಗೂ ಇದೆ. ಮಳೆಗಾಲದಲ್ಲಿ ಒದ್ದೆ ಸಿಪ್ಪೆ ಹೊಗೆಯಾಡುತ್ತದೆ, ಊದುಕೊಳವೆ ಹಿಡಿದು ಊದುವವರು ಮನೆಯ ಹೆಂಗಸರು. ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕಿನ ಪುಡಿ, ಗೇರುಬೀಜದ ಕಾರ್ಖಾನೆಗಳಲ್ಲಿ ಹುರಿಯುವಾಗಿನ ಹೊಗೆ. ಧೂಮಪಾನ ಮಾಡದ ಭಾರತೀಯ ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸಕೋಶ ಕಾಯಿಲೆಗೆ ಸೌದೆ, ಸಗಣಿ ಬೆರಣಿಯ ಹೊಗೆ ಮುಖ್ಯ ಕಾರಣಗಳಲ್ಲಿ ಒಂದು ಎಂಬುದನ್ನು ವೈದ್ಯಲೋಕ ಒಪ್ಪಿದೆ.

ಪೇಟೆಯ ಫ್ಲ್ಯಾಟಿಗೆ ಬಂದವರಿಗೆ ಒಲೆ ತಪ್ಪಿತು, ಸೊಳ್ಳೆಬತ್ತಿ ಬಂತು. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಕಿಟಕಿ ಮುಚ್ಚಿದ ದೇವರ ಕೋಣೆಯಲ್ಲಿ ಅಗರಬತ್ತಿ, ಧೂಪ ಹಚ್ಚಿ ಅಲ್ಲೇ ಕುಳಿತು ಪ್ರಾಣಾಯಾಮ ಮಾಡುವವರೂ ಇದ್ದಾರೆ. ಆಗ ದೀರ್ಘ ಉಸಿರಿನ ಜತೆಗೆ ಹೊಗೆಯೂ ಆಳಕ್ಕೆ ಹೋಗುತ್ತದೆ. ಯೋಗ ಶುರುಮಾಡುವ ಮೊದಲ ಹೆಜ್ಜೆ ಆಸನವಲ್ಲ, ಕಿಟಕಿ ತೆರೆಯುವುದು. ಸೊಳ್ಳೆಗೆ ಬತ್ತಿಗಿಂತ ಪರದೆ ಮೇಲು.

ಚಿಂತೆ ಉಸಿರನ್ನು ಹೇಗೆ ಕಟ್ಟುತ್ತದೆ?

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳುತ್ತಾರೆ. ಐವತ್ತರ ನಂತರ ಮಹಿಳೆಯರ ಪಾಲಿಗೆ ಚಿಂತೆಯ ಕಾರಣಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿ ಮನೆ ಖಾಲಿಯಾಗುತ್ತದೆ. ಅತ್ತೆ ಮಾವ ಹಾಸಿಗೆ ಹಿಡಿಯುತ್ತಾರೆ. ಮಗಳ ಮದುವೆ, ಗಂಡನ ವ್ಯಾಪಾರದ ಏರಿಳಿತ, ಜತೆಗೆ ತನ್ನದೇ ಮೈಯ ಬದಲಾವಣೆ. ನಿದ್ರೆ ಕೆಟ್ಟಾಗ ಇವೆಲ್ಲ ಇಮ್ಮಡಿಯಾಗಿ ಕಾಣುತ್ತವೆ.

ಮನಸ್ಸು ಹೆದರಿದಾಗ ದೇಹ ಓಡಲು ಅಥವಾ ಹೋರಾಡಲು ಸಜ್ಜಾಗುತ್ತದೆ. ಹೃದಯದ ಬಡಿತ ಏರುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಚಿಕ್ಕದಾಗಿ, ಬೇಗಬೇಗನೆ ಆಡತೊಡಗುತ್ತದೆ. ಓಡುವ ಪ್ರಸಂಗವೇ ಇಲ್ಲದೆ ದಿನವಿಡೀ ಹೀಗೇ ಇದ್ದರೆ ಅದೇ ಅಭ್ಯಾಸವಾಗುತ್ತದೆ.

ಚಿಕ್ಕ ಉಸಿರಿನ ನಷ್ಟವನ್ನು ವ್ಯಾಪಾರದ ಲೆಕ್ಕದಲ್ಲೇ ನೋಡಬಹುದು. ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ. ಅದು ರಕ್ತಕ್ಕೆ ಆಮ್ಲಜನಕ ಕೊಡುವ ಜಾಗಕ್ಕೆ ತಲುಪುವುದೇ ಇಲ್ಲ. ಇದು ಪ್ರತಿ ಟ್ರಿಪ್ಪಿಗೂ ಲಾರಿ ಕಟ್ಟಲೇಬೇಕಾದ ಟೋಲ್ ಇದ್ದ ಹಾಗೆ. ಒಬ್ಬರು ನಿಮಿಷಕ್ಕೆ 20 ಬಾರಿ, ಸಲಕ್ಕೆ 300 ಮಿಲಿಲೀಟರ್ ಉಸಿರಾಡಿದರೆ ಒಟ್ಟು 6 ಲೀಟರ್. ಅದರಲ್ಲಿ ಉಪಯೋಗಕ್ಕೆ ಬಂದದ್ದು 3 ಲೀಟರ್ ಮಾತ್ರ. ಇನ್ನೊಬ್ಬರು ನಿಮಿಷಕ್ಕೆ 10 ಬಾರಿ, ಸಲಕ್ಕೆ 600 ಮಿಲಿಲೀಟರ್ ಉಸಿರಾಡಿದರೂ ಒಟ್ಟು ಅದೇ 6 ಲೀಟರ್. ಆದರೆ ಉಪಯೋಗಕ್ಕೆ ಬಂದದ್ದು 4.5 ಲೀಟರ್. ಸರಕು ಅಷ್ಟೇ, ಟ್ರಿಪ್ಪು ಕಡಿಮೆ ಮಾಡಿದ್ದರಿಂದ ಲಾಭ ಒಂದೂವರೆ ಪಟ್ಟು. ನಿಧಾನ, ದೀರ್ಘ ಉಸಿರಿನ ಮೊದಲ ಗುಟ್ಟು ಇದೇ.

ಎರಡನೆಯ ಗುಟ್ಟು ನರಗಳಲ್ಲಿದೆ. ಉಸಿರನ್ನು ನಿಧಾನವಾಗಿ ಬಿಡುವಾಗ ಮೆದುಳಿನಿಂದ ಹೃದಯ, ಶ್ವಾಸಕೋಶ, ಹೊಟ್ಟೆಗೆ ಇಳಿಯುವ ವೇಗಸ್ ನರ ಚುರುಕಾಗಿ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಮನಸ್ಸನ್ನು "ಸುಮ್ಮನಿರು" ಎಂದು ಗದರಿಸಿದರೆ ಅದು ಕೇಳುವುದಿಲ್ಲ. ಉಸಿರನ್ನು ನಿಧಾನ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಉಸಿರು ನಿಂತಲ್ಲಿ ಮನಸ್ಸೂ ಹಿಂದೆಯೇ ಬಂದು ನಿಲ್ಲುತ್ತದೆ.

ಸಂಶೋಧನೆಗಳು ಏನು ಹೇಳುತ್ತವೆ?

ಕರ್ನಾಟಕದಲ್ಲೇ ನಡೆದ ಒಂದು ಮುಖ್ಯ ಅಧ್ಯಯನ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ್ದು. ಡಾ. ಎಚ್.ಆರ್. ನಾಗೇಂದ್ರ ಮತ್ತು ಡಾ. ಆರ್. ನಾಗರತ್ನ ಅವರ ಹೆಸರಿನೊಂದಿಗೆ ಗುರುತಾಗಿರುವ, ಜಿಗಣಿ ಸಮೀಪದ ಪ್ರಶಾಂತಿ ಕುಟೀರದ ಈ ಸಂಸ್ಥೆಯ ತಂಡ 40ರಿಂದ 55 ವಯಸ್ಸಿನ 120 ಮಹಿಳೆಯರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಉಸಿರಾಟದ ಅಭ್ಯಾಸ, ಸೂರ್ಯನಮಸ್ಕಾರ, ಆವರ್ತನ ಧ್ಯಾನ. ಇನ್ನೊಂದು ಗುಂಪಿಗೆ ಸರಳ ವ್ಯಾಯಾಮ. ಇಬ್ಬರಿಗೂ ದಿನಕ್ಕೆ ಒಂದು ಗಂಟೆ, ವಾರಕ್ಕೆ 5 ದಿನ, 8 ವಾರ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೈ ಬಿಸಿಯೇರುವಿಕೆ, ರಾತ್ರಿ ಬೆವರು, ನಿದ್ರಾಭಂಗದ ತೊಂದರೆಗಳೂ ಒತ್ತಡದ ಅಂಕವೂ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದವು. ಒತ್ತಡಕ್ಕೆ ಅಂಕ ಹೇಗೆ ಎಂದು ಕೆಲವರು ಕೇಳಬಹುದು. "ಕಳೆದ ತಿಂಗಳಲ್ಲಿ ಎಷ್ಟು ಸಲ ಪರಿಸ್ಥಿತಿ ಕೈಮೀರಿತು ಅನಿಸಿತು?" ಎಂಬಂಥ ಪ್ರಶ್ನೆಗಳಿಗೆ ಉತ್ತರ ಪಡೆದು ಕೂಡಿಸುವ ಪದ್ಧತಿ 1983ರಿಂದ ಬಳಕೆಯಲ್ಲಿದೆ.

ಶ್ವಾಸಕೋಶದ ವಿಷಯದಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಗಮನಾರ್ಹ. ಅರವತ್ತು ದಾಟಿದ ಆರೋಗ್ಯವಂತರು 4 ತಿಂಗಳು ಯೋಗದ ಉಸಿರಾಟ ಕಲಿತಾಗ, ಉಸಿರು ಬಿಡುವ ಸ್ನಾಯುಗಳ ಬಲ 34 ಶೇಕಡಾ, ಎಳೆಯುವ ಸ್ನಾಯುಗಳ ಬಲ 26 ಶೇಕಡಾ ಹೆಚ್ಚಿತು.

ಇನ್ನೊಂದು ಬದಿಯನ್ನೂ ಹೇಳಬೇಕು. ಅಮೆರಿಕದಲ್ಲಿ 12 ವಾರ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಯೋಗದಿಂದ ಮೈ ಬಿಸಿಯೇರುವಿಕೆ ಕಡಿಮೆಯಾಗಲಿಲ್ಲ. ನಿದ್ರೆ ಮಾತ್ರ ಸುಧಾರಿಸಿತು. ಆದ್ದರಿಂದ "ಯೋಗ ಮಾಡಿದರೆ ಎಲ್ಲವೂ ಮಾಯ" ಎಂದು ಹೇಳುವುದು ಸರಿಯಲ್ಲ. ನಿದ್ರೆ, ಒತ್ತಡ, ಉಸಿರಾಟದ ಸ್ನಾಯುಗಳ ಬಲ, ಬೆನ್ನಿನ ನೇರ ನಿಲುವು, ಇವುಗಳಿಗೆ ಯೋಗ ನೆರವಾಗುತ್ತದೆ. ಹೊಗೆಯಿಂದ ಹಾಳಾದ ಶ್ವಾಸಕೋಶದ ಅಂಗಾಂಶವನ್ನು ಅದು ಮರಳಿ ಕಟ್ಟಿಕೊಡಲಾರದು. ಇರುವ ಬಂಡವಾಳವನ್ನು ಚೆನ್ನಾಗಿ ದುಡಿಸುವುದು ಮಾತ್ರ ಅದರ ಕೆಲಸ.

ಕಾಯೋತ್ಸರ್ಗದಲ್ಲಿ ಉಸಿರಿನ ಲೆಕ್ಕ

ಉಸಿರನ್ನು ಎಣಿಸುವುದು ಜೈನ ಮನೆಗಳಿಗೆ ಹೊಸತಲ್ಲ. ದಿಗಂಬರ ಪರಂಪರೆಯಲ್ಲಿ ಒಂದು ಕಾಯೋತ್ಸರ್ಗಕ್ಕೆ 9 ಬಾರಿ ಣಮೋಕಾರ ಮಂತ್ರ, 27 ಉಸಿರು ಎಂಬ ಲೆಕ್ಕವಿದೆ. ಅಂದರೆ ಒಂದು ಮಂತ್ರಕ್ಕೆ ಮೂರು ಉಸಿರು. ಗಡಿಬಿಡಿಯಲ್ಲಿ ಮಾಡಿದರೆ ಇದು ಎರಡು ನಿಮಿಷದೊಳಗೆ ಮುಗಿದುಹೋಗುತ್ತದೆ. ನಿಮಿಷಕ್ಕೆ 6 ಉಸಿರಿನಂತೆ ಮಾಡಿದರೆ ನಾಲ್ಕೂವರೆ ನಿಮಿಷ ಬೇಕು.

ಈ ನಿಮಿಷಕ್ಕೆ 6 ಎಂಬ ಸಂಖ್ಯೆಗೆ ವಿಜ್ಞಾನದಲ್ಲೂ ಮಹತ್ವವಿದೆ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಮಂದಿ ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ಒಂದು ಬೌದ್ಧ ಮಂತ್ರವನ್ನೂ ಹೇಳಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಹೃದಯದ ಬಡಿತ ಮತ್ತು ರಕ್ತದೊತ್ತಡ ಒಂದೇ ಲಯಕ್ಕೆ ಬಂದವು. ಬೇರೆ ಬೇರೆ ಧರ್ಮಗಳ ಹಿರಿಯರು ಅಳತೆಯ ಯಂತ್ರವಿಲ್ಲದೆ ಒಂದೇ ಲಯವನ್ನು ಕಂಡುಕೊಂಡಿದ್ದರು.

ನಿಂತು ಮಾಡುವ ಕಾಯೋತ್ಸರ್ಗಕ್ಕೆ ನಮ್ಮ ಜಿಲ್ಲೆಯ ಸುತ್ತಮುತ್ತ ಶಿಲೆಯಲ್ಲೇ ಪಾಠವಿದೆ. ಕಾರ್ಕಳದ 42 ಅಡಿಯ ಬಾಹುಬಲಿ 1432ರಲ್ಲಿ, ವೇಣೂರಿನ 35 ಅಡಿಯ ಮೂರ್ತಿ 1604ರಲ್ಲಿ ಪ್ರತಿಷ್ಠೆಯಾದವು. ಧರ್ಮಸ್ಥಳದ 39 ಅಡಿಯ ಮೂರ್ತಿಯ ಪ್ರತಿಷ್ಠೆ 1982ರಲ್ಲಿ. ಮೂರರಲ್ಲೂ ಬೆನ್ನು ನೇರ, ಭುಜ ಸಡಿಲ, ಎದೆ ತೆರೆದಿದೆ, ತೋಳುಗಳು ಇಳಿಬಿದ್ದಿವೆ. ಗೂನು ಬೆನ್ನಿನ ಭಯವಿರುವ ವಯಸ್ಸಿನವರಿಗೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ಚಿತ್ರವಿಲ್ಲ.

ಬಲವಂತದಿಂದ ಉಸಿರು ಹಿಡಿಯುವುದರ ಬಗ್ಗೆ ಆಚಾರ್ಯರು ಮೊದಲೇ ಎಚ್ಚರಿಸಿದ್ದಾರೆ. ಪ್ರಾಣಾಯಾಮದಿಂದ ಪೀಡಿತವಾದ ಮನಸ್ಸು ಸ್ವಸ್ಥವಾಗುವುದಿಲ್ಲ ಎಂಬ ಅಭಿಪ್ರಾಯವನ್ನು 12ನೇ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಹೇಳಿದ್ದಾರೆ. ತೇರಾಪಂಥದ ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನದಲ್ಲೂ ದೀರ್ಘ ಉಸಿರನ್ನು ಗಮನಿಸುವುದೇ ಮುಖ್ಯ, ಬಂಧಿಸುವುದಲ್ಲ.

ಕಾಯೋತ್ಸರ್ಗದ ಗುರಿ ದೇಹದ ಮಮಕಾರ ಬಿಡುವುದು, ಆರೋಗ್ಯ ಗಳಿಸುವುದಲ್ಲ. ಅದನ್ನು ಔಷಧಿಯಂತೆ ಬಳಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ 48 ನಿಮಿಷದ ಸಾಮಾಯಿಕಕ್ಕೆ ಕುಳಿತುಕೊಳ್ಳಲು ಬಲ್ಲ ಮಹಿಳೆಗೆ ಅರ್ಧ ಗಂಟೆಯ ಯೋಗ ಕಷ್ಟವೇ ಅಲ್ಲ.

ದಿನಕ್ಕೆ ಅರ್ಧ ಗಂಟೆ: ಒಂದು ಸರಳ ಕ್ರಮ

ಮೊದಲ ಕೆಲವು ವಾರ ತಿಳಿದವರ ಎದುರಿನಲ್ಲಿ ಕಲಿಯುವುದು ಒಳ್ಳೆಯದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಇಲ್ಲವೇ ಊಟವಾಗಿ ಮೂರು ಗಂಟೆಯ ನಂತರ ಮಾಡಬೇಕು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರಿಗೆ ರಾತ್ರಿ ಮಲಗುವ ಮುನ್ನವೂ ಹೊಟ್ಟೆ ಹಗುರವಾಗಿರುವುದು ಒಂದು ಅನುಕೂಲ.

ಮೊದಲ 5 ನಿಮಿಷ: ನಿಂತು ಭುಜ, ಕುತ್ತಿಗೆ, ಮಣಿಕಟ್ಟು ಸಡಿಲಿಸುವುದು. ಕೈಗಳನ್ನು ಎರಡೂ ಬದಿಗೆ ಚಾಚುವಾಗ ಉಸಿರೆಳೆಯುವುದು, ಮುಂದಕ್ಕೆ ತರುವಾಗ ಬಿಡುವುದು.

ಮುಂದಿನ 10 ನಿಮಿಷ: ತಾಡಾಸನ, ಅರ್ಧಕಟಿ ಚಕ್ರಾಸನ, ಹೊಟ್ಟೆಯ ಮೇಲೆ ಮಲಗಿ ಸರಳ ಭುಜಂಗಾಸನ, ಬೆನ್ನ ಮೇಲೆ ಮಲಗಿ ಸೇತುಬಂಧಾಸನ. ಇವು ಪಕ್ಕೆಲುಬುಗಳ ನಡುವಿನ ಸ್ನಾಯುಗಳನ್ನು ಹಿಗ್ಗಿಸಿ ಬೆನ್ನನ್ನು ಬಲಪಡಿಸುತ್ತವೆ. ಮೊಣಕಾಲು ನೋವಿದ್ದರೆ ನೆಲಕ್ಕೆ ಕುಳಿತೇಳುವ ಹಟ ಬೇಡ. ಬೆನ್ನು ನೇರ ಇರುವ ಮರದ ಕುರ್ಚಿಯಲ್ಲಿ ಕುಳಿತು ಕೈ ಮೇಲೆತ್ತುವ ಅಭ್ಯಾಸಗಳನ್ನಷ್ಟೇ ಮಾಡಿದರೂ ಸಾಕು.

ಆಮೇಲೆ 10 ನಿಮಿಷ ಉಸಿರಾಟ: ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಡಬೇಕು. ಉಸಿರೆಳೆದಾಗ ಹೊಟ್ಟೆಯ ಕೈ ಮುಂದೆ ಬರಬೇಕು, ಎದೆಯ ಕೈ ಹೆಚ್ಚು ಅಲ್ಲಾಡಬಾರದು. ಇದು ವಪೆಯ ಕೆಲಸ. ನಾಲ್ಕು ಎಣಿಸುತ್ತ ಎಳೆದು, ಆರು ಎಣಿಸುತ್ತ ಬಿಟ್ಟರೆ ನಿಮಿಷಕ್ಕೆ 6 ಉಸಿರು ತಾನಾಗಿ ಬರುತ್ತದೆ. ಆರಂಭದಲ್ಲಿ ಅಷ್ಟು ಆಗದಿದ್ದರೆ ಮೂರು, ನಾಲ್ಕು ಎಣಿಸಿದರೂ ಸರಿ. ನಂತರ ನಾಡಿಶೋಧನ, ಉಸಿರು ಹಿಡಿಯದೆ. ಕೊನೆಗೆ 5 ಸುತ್ತು ಭ್ರಾಮರಿ. ದುಂಬಿಯಂತೆ ಗುನುಗುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮ್ಮನೆ ಉಸಿರು ಬಿಡುವುದಕ್ಕಿಂತ 15 ಪಟ್ಟು ಹೆಚ್ಚು ಹೊರಬರುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ರಾತ್ರಿ ನಡುವೆ ಎಚ್ಚರವಾಗಿ ನಿದ್ರೆ ಬಾರದಾಗ ಹಾಸಿಗೆಯಲ್ಲೇ ಕುಳಿತು ಮಾಡಬಹುದಾದ ಅಭ್ಯಾಸವೂ ಇದೇ.

ಕೊನೆಯ 5 ನಿಮಿಷ: ಶವಾಸನ, ಅಥವಾ ಕುಳಿತು ಮೌನ. ಇದನ್ನು ಬಿಟ್ಟು ನೇರ ದೋಸೆ ಕಾವಲಿಯ ಮುಂದೆ ಓಡುವವರೇ ಹೆಚ್ಚು. ಒತ್ತಡ ಇಳಿಯಲು ಈ ಐದು ನಿಮಿಷವೇ ಮುಖ್ಯ.

ಜೂನ್ 21ರ ಅಂತಾರಾಷ್ಟ್ರೀಯ ಯೋಗ ದಿನ ಮಂಗಳೂರಿಗೆ ಬರುವುದು ಜಡಿಮಳೆಯ ನಡುವೆ. ಕದ್ರಿ ಪಾರ್ಕಿನ ನಡಿಗೆ ನಿಲ್ಲುವ ಆ ನಾಲ್ಕು ತಿಂಗಳು ಮನೆಯೊಳಗಿನ ಅಭ್ಯಾಸಕ್ಕೆ ತಕ್ಕ ಕಾಲ. ಆದರೆ ಮಳೆಗಾಲದಲ್ಲಿ ಚಾಪೆ, ಗೋಡೆಗೆ ಹಿಡಿಯುವ ಬೂಷ್ಟು ಅಸ್ತಮಾ ಇರುವವರಿಗೆ ಶತ್ರು. ಚಾಪೆಯನ್ನು ಸುರುಳಿ ಸುತ್ತಿ ಮೂಲೆಗಿಡದೆ, ಪ್ರತಿದಿನ ಫ್ಯಾನಿನ ಕೆಳಗೆ ಒಣಗಿಸಬೇಕು.

ಯಾರು ಏನನ್ನು ಮಾಡಬಾರದು?

ಅತಿಯಾದರೆ ಅಮೃತವೂ ವಿಷ. ಟಿವಿ, ಮೊಬೈಲ್ ನೋಡಿ ಕಲಿಯುವವರು ಇಲ್ಲಿ ಗಮನಿಸಬೇಕು.

ಮೂಳೆ ಸವೆತ ಇರುವವರು ಪೂರ್ತಿ ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ, ಹಲಾಸನ, ಬೆನ್ನನ್ನು ಬಲವಾಗಿ ತಿರುಚುವ ಆಸನಗಳನ್ನು ಬಿಡಬೇಕು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1984ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೆನ್ನುಮೂಳೆ ಸವೆದಿದ್ದ ಋತುಬಂಧದ ನಂತರದ ಮಹಿಳೆಯರ ಪೈಕಿ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 89 ಶೇಕಡಾ ಮಂದಿಗೆ ಹೊಸ ಮುರಿತ ಕಂಡುಬಂತು. ಬೆನ್ನನ್ನು ಹಿಂದಕ್ಕೆ ಹಿಗ್ಗಿಸುವ ವ್ಯಾಯಾಮ ಮಾಡಿದವರಲ್ಲಿ ಅದು 16 ಶೇಕಡಾ. ಅಧ್ಯಯನ ಸಣ್ಣದು, 59 ಮಂದಿಯದು. ಆದರೂ ಈ ಅಂತರ ಕಡೆಗಣಿಸುವಂಥದ್ದಲ್ಲ.

ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರಿಗೆ ವೇಗದ ಕಪಾಲಭಾತಿ, ಭಸ್ತ್ರಿಕಾ ಬೇಡ. ಕೆಮ್ಮಿದಾಗ, ನಕ್ಕಾಗ ಮೂತ್ರ ಜಿನುಗುವ ಅಥವಾ ಗರ್ಭಕೋಶ ಜಾರಿದ ತೊಂದರೆ ಇರುವವರಿಗೂ ಹೊಟ್ಟೆಗೆ ಒತ್ತಡ ಬೀಳುವ ಈ ಅಭ್ಯಾಸಗಳಿಂದ ತೊಂದರೆ ಹೆಚ್ಚುತ್ತದೆ. ನಾಚಿಕೆಯಿಂದ ಇದನ್ನು ಯೋಗ ಕಲಿಸುವವರಿಗೆ ಹೇಳದವರೇ ಹೆಚ್ಚು, ದಯವಿಟ್ಟು ಹೇಳಬೇಕು. ಕಣ್ಣಿನ ಗ್ಲುಕೋಮಾ ಇರುವವರು ತಲೆಕೆಳಗಾಗುವ ಆಸನ ಮಾಡಬಾರದು. ಅಸ್ತಮಾ ಇರುವವರು ಇನ್‌ಹೇಲರ್ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಯೋಗ ಆರಂಭಿಸಿದೆ ಎಂದು ಔಷಧ ನಿಲ್ಲಿಸುವುದು ಅಪಾಯ. ಉಪವಾಸದ ದಿನ ಆಸನಗಳನ್ನು ಬಿಟ್ಟು ನಿಧಾನ ಉಸಿರಾಟ, ಧ್ಯಾನ ಮಾತ್ರ ಮಾಡುವುದು ಒಳ್ಳೆಯದು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ವೈದ್ಯರ ಬಳಿ ಯಾವಾಗ?

ಏದುಸಿರು ಎಲ್ಲವೂ ವಯಸ್ಸಿನದ್ದಲ್ಲ, ಎಲ್ಲವೂ ಶ್ವಾಸಕೋಶದ್ದೂ ಅಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಹೃದಯದ ಕಾಯಿಲೆ ಎಲ್ಲದರಲ್ಲೂ ಅದು ಬರುತ್ತದೆ. ಋತುಬಂಧದ ನಂತರ ಮಹಿಳೆಯರಲ್ಲಿ ಹೃದಯಾಘಾತದ ಅಪಾಯ ಏರುತ್ತದೆ. ಅವರಲ್ಲಿ ಎದೆನೋವಿಲ್ಲದೆ ಕೇವಲ ಏದುಸಿರು, ಸುಸ್ತು, ದವಡೆ ಅಥವಾ ಬೆನ್ನು ನೋವಿನ ರೂಪದಲ್ಲೂ ಹೃದಯಾಘಾತ ಕಾಣಿಸಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಭ್ರಾಮರಿ ಮಾಡುತ್ತ ಕೂರುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೊದಲು ಹತ್ತುತ್ತಿದ್ದ ಮೆಟ್ಟಿಲನ್ನು ಈಗ ಹತ್ತಲಾಗದಿದ್ದರೆ, ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಮಲಗಿದಾಗ ಉಸಿರು ಕಟ್ಟುವುದು, ಕಾಲು ಊದುವುದು ಇದ್ದರೆ ತಡಮಾಡಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು.

ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಬಹಳ ಸರಳ. ಸೂಜಿ ಇಲ್ಲ, ನೋವಿಲ್ಲ. ಉಸಿರು ಪೂರ್ತಿ ಎಳೆದು ಒಂದು ಕೊಳವೆಗೆ ಜೋರಾಗಿ, ಸುಮಾರು 6 ಸೆಕೆಂಡು ಊದಬೇಕು. ಮಂಗಳೂರು ಮತ್ತು ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗಗಳಲ್ಲಿ ಇದನ್ನು ಮಾಡಿಸಬಹುದು. ಯೋಗದ ಶಿಕ್ಷಣಕ್ಕೂ ಜಿಲ್ಲೆಯಲ್ಲಿ ಕೊರತೆಯಿಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು, ಶಾಂತಿವನದ ಚಿಕಿತ್ಸಾಲಯ, ಮೂಡುಬಿದಿರೆಯ ಆಳ್ವಾಸ್ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಯೋಗ ವಿಜ್ಞಾನ ವಿಭಾಗ, ಇವೆಲ್ಲ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿವೆ. ಪರೀಕ್ಷೆ ಮೊದಲು, ಯೋಗ ನಂತರ ಎಂಬ ಕ್ರಮ ಇಟ್ಟುಕೊಂಡರೆ ಆರು ತಿಂಗಳ ನಂತರ ಮತ್ತೆ ಊದಿ ನೋಡಿ ವ್ಯತ್ಯಾಸ ತಿಳಿಯಬಹುದು.

ಮನೆಯವರ ಪಾಲು

ಬೆಳಗ್ಗೆ ಆರರಿಂದ ಆರೂವರೆ ಯೋಗ ಎಂದು ತೀರ್ಮಾನಿಸಿದ ತಾಯಿಗೆ ಅದೇ ಹೊತ್ತಿಗೆ ಕಾಫಿ ಕೇಳಿದರೆ ಯೋಗ ಮೂರನೇ ದಿನಕ್ಕೆ ನಿಲ್ಲುತ್ತದೆ. ಬಹುತೇಕ ಮನೆಗಳಲ್ಲಿ ಅಭ್ಯಾಸ ತಪ್ಪುವುದು ಸೋಮಾರಿತನದಿಂದಲ್ಲ, ಬಿಡುವಿಲ್ಲದ್ದರಿಂದ. ಆ ಅರ್ಧ ಗಂಟೆ ಗ್ಯಾಸಿನ ಮುಂದೆ ಬೇರೆಯವರು ನಿಲ್ಲಬೇಕು. ಬಚ್ಚಲಿನ ಒಲೆಗೆ ಬದಲಾಗಿ ಸೋಲಾರ್ ಅಥವಾ ಗ್ಯಾಸ್ ಗೀಸರ್ ಹಾಕಿಸಬೇಕು. ಗ್ಯಾಸ್ ಗೀಸರಾದರೆ ಗಾಳಿಯಾಡುವ ಜಾಗದಲ್ಲೇ ಇರಬೇಕು. ಬಸದಿಯ ಮಹಿಳಾ ಸಂಘಗಳು ವಾರಕ್ಕೆ ಒಂದು ದಿನ ಸೇರಿ ಒಟ್ಟಿಗೆ ಅಭ್ಯಾಸ ಮಾಡಿದರೆ ಉಸಿರಿನ ಜತೆ ಮನಸ್ಸಿನ ಭಾರವೂ ಇಳಿಯುತ್ತದೆ. ಒಬ್ಬರು "ನನಗೂ ರಾತ್ರಿ ನಿದ್ರೆ ಇಲ್ಲ" ಎಂದು ಬಾಯಿಬಿಟ್ಟರೆ ಉಳಿದ ಹತ್ತು ಮಂದಿಗೆ ಅರ್ಧ ಚಿಕಿತ್ಸೆ ಆದಂತೆ.

ಮುಂದಿನ ಬಾರಿ ಬೆಟ್ಟ ಹತ್ತುವಾಗ ಜತೆಗಿರುವ ತಾಯಿ, ಅಕ್ಕ, ಅತ್ತಿಗೆ ಯಾರಾದರೂ ಅರ್ಧಕ್ಕೆ ನಿಂತರೆ "ವಯಸ್ಸಾಯಿತು" ಎಂದು ಮುಂದೆ ಹೋಗಬಾರದು. ಅವರ ಜತೆಗೇ ನಿಂತು, ಎಂದಿನಿಂದ ಹೀಗಾಗುತ್ತಿದೆ ಎಂದು ಕೇಳಬೇಕು. ಉತ್ತರ ಏನೇ ಬರಲಿ, ಮರುವಾರವೇ ಅವರನ್ನು ಆ ಕೊಳವೆ ಊದುವ ಪರೀಕ್ಷೆಗೆ ಕರೆದೊಯ್ಯಬೇಕು.